ಮಾವ ಬರೆದದ್ದು ಕುಸ್ತಿ ಅಲ್ಲ

ನನ್ನನ್ನು ಮದುವೆಯಾಗಲು ಒಲ್ಲೆ ಎಂದ ಮೊದಲ ಗಂಡಸಿನ ಬಗ್ಗೆ ನಾನು ಇಷ್ಟೊಂದು ಹೆಮ್ಮೆ ಪಡುವುದೇಕೆಂದು ನನ್ನ ಗಂಡನಿಗೆ ಇವತ್ತಿಗೂ ಅರ್ಥವಾಗಿಲ್ಲ. ಒಪ್ಪಿಕೊಂಡವನು ಇಲ್ಲಿ ತರಕಾರಿ ಚೀಲ ಹಿಡಿದು ನಿಂತಿರುವಾಗ ಒಲ್ಲೆ ಎಂದವರನ್ನು ಹೊಗಳುವುದು ಯಾವ ನ್ಯಾಯ ಎಂಬುದು ಅವರ ವಾದ. ಮಾತು ಸರಿಯೇ! ಆದರೆ ಒಲ್ಲೆ ಎಂದವರು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಬಿದ್ದ ತಮ್ಮ. ಅಕ್ಕನ ಮಗಳು ಮನೆಯಲ್ಲೇ ಇರುವಾಗ ಹೊರಗೆ ಹೆಣ್ಣು ಹುಡುಕುವುದು ದಂಡ ಎಂಬುದು ನಮ್ಮ ಕಡೆಯ ಹಿರಿಯರ ಲೆಕ್ಕಾಚಾರ. ನನ್ನ ಡಿಗ್ರಿ ಮುಗಿದು ಟಿ. ನರಸೀಪುರದಲ್ಲಿ ಕೆಲಸ ಸಿಕ್ಕಿದ್ದೇ ತಡ, ಅಜ್ಜಿ ಮಾತು ತೆಗೆದರು. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು.

"ಉಡ್ಗಿ ಚೆನ್ನಾಗವ್ಳೆ ಕಣವ್ವ. ಏನ್ ಮಾಡನ, ಮೀಸೆನೇ ಇಲ್ವಲ್ಲ!"

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಾವ ಮಾತ್ರ ನಗಲಿಲ್ಲ. ಅವರು ತಮಾಷೆ ಮಾಡಿರಲೇ ಇಲ್ಲವೆಂದು ನನಗೆ ಹೊಳೆದದ್ದು ಬಹಳ ಕಾಲದ ಮೇಲೆ.

ನಂಜನಗೂಡಿನಲ್ಲಿ ಅವರದು ಅಂಗಡಿಗಳಿಗೆ ಬೋರ್ಡ್ ಬರೆಯುವ ಕೆಲಸ. ಅಕ್ಷರವೆಂದರೆ ಮುತ್ತು. ತಕರಾರು ಏನಿದ್ದರೂ ಅಕ್ಷರದ ಪಕ್ಕದ ಚಿತ್ರದ್ದು. ಒಂದು ಗೊಬ್ಬರದಂಗಡಿಗೆ ರೈತನನ್ನು ಬರೆದರು ನೋಡಿ! ಮೈಮೇಲೆ ಅಂಗಿಯಿಲ್ಲ, ಪಂಚೆ ಮೊಣಕಾಲಿಗಿಂತ ಒಂದಿಷ್ಟು ಹೆಚ್ಚೇ ಮೇಲಕ್ಕೆ, ಎದೆಯ ಮೇಲಿನ ಒಂದೊಂದು ಬೆವರಹನಿಗೂ ಬೇರೆ ಬೇರೆ ಮಿಂಚು. ಅಂಗಡಿಯ ಸಾಹುಕಾರರು ಕನ್ನಡಕ ಏರಿಸಿ ಹುಡುಕಿದರು.

"ಅಲ್ಲಪ್ಪಾ, ಗೊಬ್ಬರದ ಮೂಟೆ ಎಲ್ಲಿ?"

"ಇವನ ಬೆನ್ನಿಂದೆ ಐತೆ, ಸಾವ್ಕಾರ್ರೆ."

"ಕಾಣಲ್ವಲ್ಲ?"

"ಬೆನ್ನು ಅಗಲ ನೋಡಿ, ಮುಚ್ಕಬುಟ್ಟದೆ."

ಹುಲ್ಲಹಳ್ಳಿ ಬಸ್ಸಿಗೆ ಕಾಯುವ ಹೆಂಗಸರು ನಿಲ್ದಾಣ ಬಿಟ್ಟು ಆ ಬೋರ್ಡಿನ ಎದುರು ನಿಲ್ಲತೊಡಗಿದರು. ಕೊನೆಗೆ ಬಸ್ಸೂ ಅಲ್ಲೇ ನಿಲ್ಲತೊಡಗಿತು. ಸಾಹುಕಾರರು ಬೋರ್ಡ್ ಬದಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಆ ರೈತನಿಗೂ, ಹಾಲಿನ ಅಂಗಡಿಯ ಗೋಡೆಯ ಮೇಲಿನ ಗೋಪಾಲಕನಿಗೂ, ಸೈಕಲ್ ಶಾಪಿನ ಸವಾರನಿಗೂ ಒಂದೇ ಮುಖ. ಅದು ಹುಲ್ಲಹಳ್ಳಿಯಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ, ಒಂದು ಕಾಲಕ್ಕೆ ಒಳ್ಳೆಯ ಪೈಲ್ವಾನರೆನಿಸಿಕೊಂಡಿದ್ದ ಒಬ್ಬರ ಮುಖ. ನಮ್ಮ ಬಾಯಲ್ಲಿ ಅವರು 'ಮಿಲ್ಲಿನವರು'. ನಮ್ಮ ಮನೆಯ ಮದುವೆ, ನಾಮಕರಣ ಎಲ್ಲಕ್ಕೂ ಮಾವನ ಜೊತೆ ಬಂದು, ಸದ್ದಿಲ್ಲದೆ ಉಂಡು, ಸದ್ದಿಲ್ಲದೆ ಹೋಗುತ್ತಿದ್ದರು. ಅಮ್ಮ ಅವರೊಡನೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಯಾರವರು ಎಂದು ಕೇಳಿದರೆ "ಯಾರೋ ಸ್ನೇಹಿತ್ರಂತೆ" ಎಂದು ಎದ್ದು ಒಳಗೆ ಹೋಗುತ್ತಿದ್ದರು.

ಬೋರ್ಡು ಹೊಟ್ಟೆಪಾಡಿನದು. ಮಾವನ ನಿಜವಾದ ಕೆಲಸ ಮನೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಗಂಡಸು ಗಂಡಸನ್ನು ಪ್ರೀತಿಸುವ ಶೃಂಗಾರದ ಚಿತ್ರಗಳು. ತಬ್ಬಿ ನಿಂತವರು, ತೊಡೆಯ ಮೇಲೆ ತಲೆಯಿಟ್ಟವರು, ಮೈಮೇಲೆ ನೂಲೆಳೆಯಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತ ಲೋಕ ಮರೆತವರು. ನಮ್ಮ ಸೀಮೆಯಲ್ಲಿ ಅವರಿಗಿಂತ ಮೊದಲು ಯಾರಾದರೂ ಇಂಥದ್ದನ್ನು ಬರೆದಿದ್ದರೋ ನನಗೆ ಗೊತ್ತಿಲ್ಲ. ಬರೆದು ಕೆಳಗೆ ತಮ್ಮ ಸಹಿ ಹಾಕಿದ ಎದೆಗಾರರಂತೂ ಇರಲಿಕ್ಕಿಲ್ಲ. ಎಲ್ಲ ಚಿತ್ರಗಳಿಗೂ ಅವರು ಇಟ್ಟದ್ದು ಒಂದೇ ಹೆಸರು, 'ಜೋಡಿ'.

ಎಡವಟ್ಟಾದದ್ದೇ ಈ ಹೆಸರಿನಿಂದ! ನಮ್ಮದು ಗರಡಿಗಳ ಸೀಮೆ. ದಸರಾ ಹತ್ತಿರವಾದರೆ ಯಾವ ಪೈಲ್ವಾನನಿಗೆ ಯಾರು ಎದುರಾಳಿ ಎಂದು ಗೊತ್ತುಮಾಡುತ್ತಾರೆ. ಅದಕ್ಕೆ 'ಜೋಡಿ ಕಟ್ಟುವುದು' ಎನ್ನುತ್ತಾರೆ. ಹಾಗಾಗಿ ಚಿತ್ರ ನೋಡಿದ ಊರಿನವರೆಲ್ಲ ಇದು ಕುಸ್ತಿಯೇ ಎಂದು ತೀರ್ಮಾನಿಸಿಬಿಟ್ಟರು. ಗರಡಿಯ ಹಿರಿಯ ಉಸ್ತಾದರೊಬ್ಬರು ತಬ್ಬಿ ನಿಂತ ಜೋಡಿಯೊಂದರ ಮುಂದೆ ಬಹಳ ಹೊತ್ತು ಮೀಸೆ ತಿರುವಿದರು.

"ಇದ್ಯಾವ ಪಟ್ಟು ಕಣ್ಲಾ? ನಮ್ ಗುರುಗೋಳು ಹೇಳ್ಕೊಟ್ಟೇ ಇಲ್ವಲ್ಲ. ಇದ್ರಲ್ಲಿ ಗೆಲ್ಲೋನು ಯಾರು?"

"ಇಬ್ರೂವೆ, ಉಸ್ತಾದ್ರೆ."

ಉಸ್ತಾದರು ಬಿಡುವವರೇ? ಮಾರನೆಯ ದಿನ ಇಬ್ಬರು ನುರಿತ ಪೈಲ್ವಾನರ ಕೈಯಲ್ಲಿ ಅದೇ ಪಟ್ಟು ಹಾಕಿಸಿ ನೋಡಿದರಂತೆ. "ಇಬ್ರೂ ಬೀಳ್ನಿಲ್ಲ ಕಣ್ಲಾ, ಬುಡ್ನೂ ಇಲ್ಲ" ಎಂದು ಬಂದು ದೂರಿದರು.

ಈ ಕುಸ್ತಿಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದುಕೊಂಡವರು ನಮ್ಮಮ್ಮ. ನಮ್ಮೂರಾದ ಮೂಗೂರಿನ ನೆಂಟರು ಯಾರೇ ಕೇಳಲಿ, "ನನ್ ತಮ್ಮ ಕುಸ್ತಿ ಚಿತ್ರ ಬರೀತಾನೆ" ಎಂದು ಒಂದೇ ಉತ್ತರ. ಒಮ್ಮೆ ನಮ್ಮ ಚಿಕ್ಕಮ್ಮ ಆ ಹಿಂದಿನ ಕೋಣೆಗೆ ನುಗ್ಗಿ, ಬರಿಮೈಯಲ್ಲಿ ಒರಗಿ ಮಲಗಿದ ಜೋಡಿಯನ್ನು ಕಂಡು ಕೆನ್ನೆ ಕೆನ್ನೆ ಬಡಿದುಕೊಂಡರು. "ಇದೂ ಕುಸ್ತಿಯೇನಕ್ಕ?" ಅಮ್ಮ ರೆಪ್ಪೆ ಕೂಡ ಅಲುಗಿಸಲಿಲ್ಲ. "ಊಂ ಕಣೆ. ಕುಸ್ತಿ ಮುಗೀತು. ಬೆವ್ರು ಆರುಸ್ಕತಾವ್ರೆ."

ಇಂಥ ಪ್ರೀತಿ ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿದ ದಿನ ನಾನು ಖುಷಿಯಿಂದ ಮಾವನಿಗೆ ಫೋನ್ ಮಾಡಿದೆ. "ಅಂಗಾರೆ ಇಷ್ಟ್ ವರ್ಷ ನಾನು ಕ್ರಿಮಿನಲ್ಲಾ? ಮೊದ್ಲೇ ಹೇಳ್ಬಾರ್ದೇನವ್ವ, ಬೀದೀಲಿ ಒಸಿ ಗತ್ತಲ್ಲಿ ಓಡಾಡ್ತಿದ್ದೆ!"

ಆಮೇಲೆ ಯಾರೋ ಚಿತ್ರಗಳ ಫೋಟೊ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಮೈಸೂರು, ಬೆಂಗಳೂರಿನ ಯುವಕ ಯುವತಿಯರು ಮಾವನ ಜೋಡಿಗಳನ್ನು ಟೀ ಶರ್ಟಿನ ಮೇಲೆ ಹಾಕಿಕೊಂಡು ನಂಜನಗೂಡಿಗೇ ಬಂದರು. ಮಾವನನ್ನು 'ಪಯೋನಿಯರ್' ಎಂದರು. "ಅಂಗಂದ್ರೇನವ್ವ?" ಎಂದು ಮಾವ ನನ್ನ ಕಿವಿಯಲ್ಲಿ ಕೇಳಿದರು. ದಾರಿ ಮಾಡಿಕೊಟ್ಟವರು ಎಂದು ಅರ್ಥ ಹೇಳಿದೆ. "ಅದು ಪಿಡಬ್ಲ್ಯುಡಿಯವ್ರ ಕೆಲ್ಸ ಅಲ್ವಾ?" ಎಂದರು. ಹೀಗೆ ಬಂದವರಲ್ಲಿ ಬನ್ನೂರಿನ ಒಬ್ಬರು ಬ್ಯಾಂಕ್ ನೌಕರರಿದ್ದರು, ತಲೆ ನರೆತವರು. ಮಾವನ ಕೈ ಹಿಡಿದುಕೊಂಡು "ಇದ್ನ ನೋಡೋಗಂಟ, ಇಡೀ ತಾಲ್ಲೂಕ್ಗೆ ನಾನೊಬ್ನೇ ಅಂದ್ಕೊಂಡಿದ್ದೆ, ಸಾ" ಎಂದರು. ಮಾವ ಒಳಗೆ ಹೋಗಿ ಅವರಿಗೆ ಕಾಫಿ ಮಾಡಿ ತಂದರು. ಹೆಮ್ಮೆ ಏಕೆ ಎಂದು ಕೇಳುವ ನನ್ನ ಗಂಡ ಅವತ್ತು ಅಲ್ಲಿರಬೇಕಿತ್ತು.

ಬಂದವರು ಪ್ರದರ್ಶನ ಮಾಡೋಣ ಎಂದರು. ಮಾಡಿದರೆ ನಂಜನಗೂಡಿನಲ್ಲೇ ಎಂದು ಮಾವ ಪಟ್ಟು ಹಿಡಿದರು. ಛತ್ರವೂ ಸಿಕ್ಕಿತು. 'ಕುಸ್ತಿ ಚಿತ್ರಗಳು' ಎಂದು ಬರೆದು ಹಾಕಿದ್ದರೆ ಎಲ್ಲರಿಗೂ ನೆಮ್ಮದಿ. ಈ ಮಹಾರಾಯರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬೋರ್ಡ್ ಬರೆದು ಬಾಗಿಲಿಗೇ ನೇತುಹಾಕಿದರು: 'ಜೋಡಿ. ಗಂಡಸರ ಪ್ರೇಮದ ಚಿತ್ರಗಳು. ಕುಸ್ತಿ ಅಲ್ಲ.'

ಅಮ್ಮನ ಕೈಯಲ್ಲಿದ್ದ ಒಂದೇ ಒಂದು ನೆಪವನ್ನು ಕಿತ್ತುಕೊಂಡಂತಾಯಿತಲ್ಲ! ಇನ್ನು ಅವರು ಬಂದರೆ ಗೊತ್ತಿದ್ದೇ ಬರಬೇಕು. ಯಾಕೆ ಹೀಗೆ ಮಾಡಿದಿರಿ ಎಂದು ಮಾವನನ್ನು ಕೇಳಿದೆ.

"ಕುಸ್ತಿ ಬರಿಯೋ ತಮ್ಮುನ್ ಕಂಡ್ರೆ ಅಕ್ಕಂಗೆ ಪ್ರಾಣ. ನನ್ ಕಂಡ್ರೆ ಎಂಗೋ ಗೊತ್ತಿಲ್ಲ ಕಣವ್ವ. ಸಾಯೋದ್ರೊಳಗೆ ಅದೊಂದ್ ಗೊತ್ತಾಗ್ಬೇಕು."

ಪ್ರದರ್ಶನದ ದಿನ ಜನವೋ ಜನ. ಹೊಗಳುವವರು, ಮೂಗು ಮುರಿಯುವವರು, ಮೂಗು ಮುರಿಯುತ್ತಲೇ ಎರಡನೇ ಸುತ್ತು ಬರುವವರು! ಮಾವ ಮಾತ್ರ ಯಾರ ಮಾತೂ ಕಿವಿಗೆ ಬೀಳದೆ ಬಾಗಿಲನ್ನೇ ನೋಡುತ್ತಿದ್ದರು. ಮಿಲ್ಲಿನವರು ಒಂದು ಮೂಲೆಯ ಕುರ್ಚಿಯಲ್ಲಿ ಮುದುರಿ ಕೂತಿದ್ದರು.

ಮಧ್ಯಾಹ್ನದ ಬಿಸಿಲಿನಲ್ಲಿ ಅಮ್ಮ ಮೂಗೂರಿನಿಂದ ಬಸ್ಸು ಬದಲಿಸಿಕೊಂಡು ಒಬ್ಬರೇ ಬಂದರು. ಬಾಗಿಲಲ್ಲಿ ನಿಂತು, ಅಕ್ಷರಕ್ಕಕ್ಷರ ಕೂಡಿಸಿ, ಬೋರ್ಡನ್ನು ಪೂರ್ತಿ ಓದಿದರು. ಓದಿ ಒಳಗೆ ಬಂದರು. ತೀರಾ ಬಿಚ್ಚುಮನಸ್ಸಿನ ಚಿತ್ರಗಳನ್ನು ಪರದೆಯ ಹಿಂದೆ ಇಟ್ಟಿದ್ದರು. ಅಲ್ಲಿದ್ದ ಕಾರ್ಯಕರ್ತೆ ತಡವರಿಸಿದಳು: "ಅಜ್ಜಿ, ಇದು ಹದಿನೆಂಟು ತುಂಬಿದವರಿಗೆ ಮಾತ್ರ..."

"ನಂಗೆ ಎಪ್ಪತ್ತೆರಡು. ನಾಕ್ ಸಲ ತುಂಬೈತೆ, ಜರುಗವ್ವ!"

ಅಮ್ಮ ಪರದೆಯ ಒಳಗೆ ಇದ್ದಷ್ಟು ಹೊತ್ತೂ ಮಾವ ಹೊರಗೆ ಕೈಕಟ್ಟಿ ನಿಂತಿದ್ದರು. ಸದಾ ನಾಲಿಗೆಯ ತುದಿಯಲ್ಲೇ ಉತ್ತರ ಇಟ್ಟುಕೊಂಡಿದ್ದ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಹೊರಗೆ ಬಂದು ತಮ್ಮನ ಮುಖ ನೋಡಿದರು.

"ಎಲ್ಲಾದ್ರಲ್ಲೂ ಆ ಮಿಲ್ನೋರೇ ಅವ್ರಲ್ಲೋ."

ಮಾವ ಹೌದೆಂದು ತಲೆಯಾಡಿಸಿದರು.

ಅಮ್ಮ ನೇರವಾಗಿ ಮೂಲೆಯ ಕುರ್ಚಿಯತ್ತ ನಡೆದರು. ಮಿಲ್ಲಿನವರು ಗಾಬರಿಯಿಂದ ಎದ್ದು ನಿಂತರು. "ಕುಂತ್ಕಳಿ, ಕುಂತ್ಕಳಿ" ಎಂದು ಅಮ್ಮ ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಏನ್ ನೋಡ್ತಾ ನಿಂತಿದ್ದೀಯೆ? ಬಿಸ್ಲು ಕಾಣಲ್ವಾ? ನಿಮ್ ಮಾವಂಗೆ ಒಂದ್ ಲೋಟ ನೀರ್ ತಂದ್ಕೊಡು."

ನಾನು ಓಡಿಹೋಗಿ ನೀರು ತಂದು ಮಾವನ ಮುಂದೆ ಹಿಡಿದೆ.

"ಅವಂಗಲ್ಲ ಕಣೆ," ಎಂದರು ಅಮ್ಮ. "ಇವ್ರಿಗೆ."