ಅವರಿಗೆ ಅಂಗಾಲುರಿ, ನನಗೆ ಹೊಟ್ಟೆಯುರಿ

ನಮ್ಮ ಮನೆಯವರು ಪ್ರಹ್ಲಾದ ಅವರಿಗೆ ಅಂಗಾಲುರಿ. ಅದಕ್ಕೆ ತಕ್ಕ ವೈದ್ಯರು ಸಿಗದೆ ನನಗೆ ಹೊಟ್ಟೆಯುರಿ.

ನಾವಿರುವ ಡಚ್ಚರ ನಾಡಿನ ಬಾಡ್‌ಹೂವೆಡಾರ್ಪ್‌ನಲ್ಲಿ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ. ಬೆಂಗಳೂರಿಗೆ ಹಾರಿ ತೋರಿಸಿಕೊಂಡು ಬರುವುದು ಸುಲಭ, ಇಲ್ಲಿ ನರರೋಗ ತಜ್ಞರ ಮುಖ ನೋಡುವುದು ಕಷ್ಟ. ಮೊದಲು ಹೌಸಾರ್ಟ್ಸ್ ಎಂಬ ಬಡಾವಣೆಯ ವೈದ್ಯನಿಗೆ ಮೊರೆಯಿಡಬೇಕು. ಆ ದ್ವಾರಪಾಲಕ ಚೀಟಿ ಕೊಟ್ಟರೆ ಮಾತ್ರ ತಜ್ಞರ ದರ್ಶನಭಾಗ್ಯ. ನಮ್ಮವನೋ, ಹೋದಾಗಲೆಲ್ಲ ನಗುತ್ತ, "ಪ್ಯಾರಾಸಿಟಮಾಲ್ ತಗೊಳ್ಳಿ, ತಾನಾಗೇ ಹೋಗುತ್ತೆ" ಎನ್ನುತ್ತಿದ್ದ. (ಹೋಗುವುದು ಉರಿಯೋ ನನ್ನ ಗಂಡನೋ, ಹೇಳುತ್ತಿರಲಿಲ್ಲ.)

ಒಂದು ಸಂಜೆ ಒಡೆದ ಲೋಟದ ಚೂರು ಕಾಲಿಗೆ ಹೊಕ್ಕರೂ ಇವರಿಗೆ ತಿಳಿಯಲಿಲ್ಲ. ಅಡುಗೆಮನೆಯಿಂದ ಸೋಫಾದವರೆಗೆ ರಕ್ತದ ಹೆಜ್ಜೆಗಳು!

"ರೀ, ನೋವಾಗ್ಲಿಲ್ವಾ?"

"ಯಾವ ನೋವು?" ಎಂದು ಇವರು ಟೀವಿ ಹಾಕಿದರು.

ನನಗೆ ಹೆದರಿಕೆಯೆಲ್ಲ ಸಿಟ್ಟಾಗಿಯೇ ಹೊರಬರುವುದು. ಮರುದಿನ ಹೌಸಾರ್ಟ್ಸ್ ಎದುರು ಮೇಜು ಗುದ್ದಿ, "ಕಾಲು ಕತ್ತರಿಸಿದ ಮೇಲೆ ಚೀಟಿ ಕೊಡ್ತೀರಾ?" ಎಂದು ಅಬ್ಬರಿಸಿದೆ.

"ಮೆಲ್ಲಗೆ ಕಣೇ, ಹೊರಗಿರೋರಿಗೆ ಕೇಳುತ್ತೆ" ಎಂದು ಪಕ್ಕದಲ್ಲಿದ್ದ ಇವರು ಪಿಸುಗುಟ್ಟಿದರು.

"ಕೇಳ್ಲಿ! ಕೇಳ್ಲಿ ಅಂತಾನೇ ಕೂಗ್ತಿರೋದು!"

ಚೀಟಿ ಸಿಕ್ಕಿತು.

ತಜ್ಞೆ ಸಮಾಧಾನದ ಹೆಂಗಸು. ಕವೆಯಂಥ ಒಂದು ಲೋಹದ ಸಾಧನವನ್ನು ಅಂಗೈಗೆ ಬಡಿದು, ಇವರ ಕಾಲಿನ ಹೆಬ್ಬೆರಳ ಮೇಲಿಟ್ಟು, "ನಡುಗೋದು ಗೊತ್ತಾಗ್ತಿದೆಯಾ?" ಎಂದರು.

"ಇಲ್ಲ" ಎಂದರು ಇವರು.

"ಗಮನ ಇಟ್ಟು ಹೇಳ್ರೀ!" ಎಂದು ರೇಗಿದೆ.

"ಇಲ್ಲ ಅಂದ್ರೆ ಇಲ್ಲ ಕಣೇ."

ಹಾಗಾದರೆ ಆ ಕವೆಯೇ ಕೆಟ್ಟಿರಬೇಕು! ನಾನು ಬೂಟು ಕಳಚಿ ಕಾಲು ಚಾಚಿದೆ. "ನನಗಿಟ್ಟು ನೋಡಿ ಡಾಕ್ಟ್ರೇ." ಅವರು ಬಡಿದು ಇಟ್ಟರು. "ನೋಡಿದ್ರಾ? ಏನೂ ಇಲ್ಲ! ಬೇರೆ ತರಿಸಿ!" ಎಂದು ವಿಜಯಘೋಷ ಮಾಡಿದೆ.

ತಜ್ಞೆ ಅದನ್ನೇ ಮತ್ತೆ ಬಡಿದು ನನ್ನ ಮಣಿಕಟ್ಟಿಗೆ ಇಟ್ಟರು. ಜುಮ್ಮೆಂದು ಮೊಣಕೈವರೆಗೂ ನಡುಗಿತು. ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದೆಳೆದುಕೊಂಡೆ.

"ಇಬ್ಬರೂ ಸಸ್ಯಾಹಾರಿಗಳಾ? ಬಿ ಹನ್ನೆರಡು ವಿಟಮಿನ್ ಕಡಿಮೆ ಇರಬಹುದು. ಇವರ ರಕ್ತ ಇವತ್ತೇ ನೋಡೋಣ. ಅದೇ ಕಾರಣ ಆಗಿದ್ರೆ ಇಂಜೆಕ್ಷನ್‌ನಿಂದ ಗುಣ ಕಾಣಬಹುದು."

"ಮತ್ತೆ ನನಗೆ?"

"ನಿಮ್ಮನ್ನ ನಾನು ನೋಡೋ ಹಾಗಿಲ್ಲ. ನಿಮ್ಮ ಹೌಸಾರ್ಟ್ಸ್ ಹತ್ರ ಚೀಟಿ ತನ್ನಿ."

ಮತ್ತೆ ಅದೇ ಮೇಜಿನ ಮುಂದೆ ಕೈಕಟ್ಟಿ ಕುಳಿತೆ. "ನಿಮಗೆ ಬಿಡುವಿದ್ರೆ ಡಾಕ್ಟ್ರೇ..." ಎಂದಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಯಾವಾಗಿಂದ ಹೀಗಿದೆ?" ಎಂದು ಆತ ಬಹಳ ಮೃದುವಾಗಿ ಕೇಳಿದ.

"ಗೊತ್ತೇ ಆಗ್ಲಿಲ್ಲ."

ಪಕ್ಕದಲ್ಲಿದ್ದ ಇವರು ಕನ್ನಡದಲ್ಲಿ, "ಸಿಟ್ಟಲ್ಲಿ ಕಾಲು ನೆಲಕ್ಕೆ ತಾಗಿದ್ರೆ ತಾನೇ ಗೊತ್ತಾಗೋದು!" ಎಂದರು.

"ಏನಂದ್ರು ಅವರು?" ಎಂದ ಹೌಸಾರ್ಟ್ಸ್.

ಹಲ್ಲು ಕಚ್ಚಿ ಅನುವಾದಿಸಿದೆ: "ನೀವು ತುಂಬಾ ಒಳ್ಳೆ ಡಾಕ್ಟ್ರಂತೆ."