ನವಿಲುಗಳ ಮಲಗುವ ಮನೆಯನ್ನು ಒಂದಾಳು ಎತ್ತರಿಸುವ ಕುರಿತು

ಇಂದ,
ಶ್ರೀಮತಿ ಇನ್ಶಿರಾಹ್, ಮದುವೆ ಉಡುಪು ಹೊಲಿಯುವವರು,
(ಬೀದಿಯಲ್ಲಿ ಎಲ್ಲರಿಗೂ ರಿದಾನ ತಾಯಿ, ‘ಉಮ್ ರಿದಾ’)
ಐದನೇ ಮಹಡಿ ಮತ್ತು ಅದರ ಮೇಲಿನ ತಾರಸಿ, ಇಂಬಾಬಾ, ಕೈರೋ.

ಗೆ,
ಹಾಜಿ ಬಯ್ಯೂಮಿ ಅವರು,
ಪಾರಿವಾಳ ಸಾಕುವವರ ಹಿರಿಯರು ಹಾಗೂ ತಾರಸಿ ವ್ಯಾಜ್ಯಗಳ ಅಂತಿಮ ತೀರ್ಪುಗಾರರು,
ಕಾಫಿ ಅಂಗಡಿಯ ಒಳಮೂಲೆಯ ಬೆಂಚು, ಅದೇ ಬೀದಿ.

ವಿಷಯ: ನವಿಲುಗಳು ರಾತ್ರಿ ಸುರಕ್ಷಿತವಾಗಿ ಮಲಗುವ ಗೂಡನ್ನು ನೆರೆಯ ಪಾರಿವಾಳದ ಗೋಪುರಕ್ಕಿಂತ ಒಂದಾಳು ಎತ್ತರಿಸಲು ಅನುಮತಿ ಕೋರಿ.

ಉಲ್ಲೇಖ: 1) ಕಳೆದ ಶುಕ್ರವಾರ ತಾವು ನೀಡಿದ ಮೌಖಿಕ ಆದೇಶ: “ನೋಡೋಣ.”
2) ಮರುದಿನ ತಾವು ನೀಡಿದ ತಿದ್ದುಪಡಿ ಆದೇಶ: “ನೋಡೋಣ, ದೇವರಿಚ್ಛೆ.”

ಮಾನ್ಯರೇ,

ಅರ್ಜಿದಾರರು ಸಹಿ ಹಾಕಲು ಬಲ್ಲರು, ಆದರೆ ಸಿಟ್ಟಿನಲ್ಲಿರುವ ಕಾರಣ ಈ ಅರ್ಜಿಯನ್ನು ಬೇರೆಯವರಿಂದ ಬರೆಸಿದ್ದಾರೆ. ಅವರು ಹೇಳಿದ್ದನ್ನೆಲ್ಲ ಬರೆಯಲಾಗಿದೆ. ಎರಡು ಬೈಗುಳಗಳನ್ನು ಮಾತ್ರ ಕೈಬಿಡಲಾಗಿದೆ.

1. ಅರ್ಜಿದಾರರ ಪತಿ ಮಿಸ್ಬಾಹ್ ಅವರು ನೈಲ್ ದಂಡೆಯಲ್ಲಿ ಜನ ಕೂತು ಚಹಾ ಕುಡಿಯುವ ಒಂದು ತೋಟದಲ್ಲಿ ಮಾಲಿಯಾಗಿದ್ದರು. ತೋಟ ಮುಚ್ಚಿದ ದಿನ ಉಳಿದ ಕೆಲಸಗಾರರು ಕುರ್ಚಿ, ಮೇಜು, ಕೆಟಲ್ ಹೊತ್ತುಕೊಂಡು ಹೋದರು. ಮಿಸ್ಬಾಹ್ ಅಲ್ಲಿದ್ದ ಎರಡು ನವಿಲುಗಳನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಮನೆಗೆ ಬಂದರು. ಬಾಲ ಕಿಟಕಿಯಿಂದ ಹೊರಗಿತ್ತು. ಗಂಡಿನ ಹೆಸರು ಪಾಶಾ, ಹೆಣ್ಣಿನದು ಹಾನಿಮ್. “ಕುರ್ಚಿ ತಂದಿದ್ರೆ ಕೂತ್ಕೋಬಹುದಿತ್ತು” ಎಂದು ಅರ್ಜಿದಾರರು ಅಂದು ಹೇಳಿದ್ದು ನಿಜ. ಆ ಮಾತನ್ನು ಅವರು ಈಗ ಹಿಂತೆಗೆದುಕೊಂಡಿದ್ದಾರೆ.

2. ಕಳೆದ ಬೇಸಿಗೆಯಲ್ಲಿ ಹಾನಿಮ್ ಮೂರು ಮರಿ ಮಾಡಿತು. ನಮ್ಮ ತಾರಸಿಗಳಲ್ಲಿ ನೀರಿನ ಕೊಳವೆ ಹಿಡಿದು ಹತ್ತುವ, ಮುಂಗುಸಿಯಂಥ ಇರ್ಸಾ ಎಂಬ ಪ್ರಾಣಿಯ ಹಲ್ಲು ತಮಗೆ ಗೊತ್ತೇ ಇದೆ. ಒಂದು ಮರಿಯೂ ಉಳಿಯಲಿಲ್ಲ. ಅರ್ಜಿದಾರರು ಮೂರು ದಿನ ಯಾವ ಮದುಮಗಳ ಉಡುಪಿಗೂ ಸೂಜಿ ಹಾಕಲಿಲ್ಲ.

3. ಈ ಕಾರಣದಿಂದ ಭದ್ರವಾದ ಗೂಡೊಂದನ್ನು ಕಟ್ಟಿಸಲಾಯಿತು. ಬೆರಳು ತೂರದ ತಂತಿ ಬಲೆ, ಕೆಳಗೆ ಸಿಮೆಂಟು, ಒಳಗಿನಿಂದಲೂ ಹೊರಗಿನಿಂದಲೂ ಚಿಲಕ. ನವಿಲು ಕೂರುವ ಪಟ್ಟಿ ದುಂಡು ಕೋಲಲ್ಲ, ಅಗಲವಾದ ಹಲಗೆ. ಪಾದ ಚಪ್ಪಟೆಯಾಗಿ ಊರಿದರೆ ಎದೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ, ಚಳಿ ತಾಗುವುದಿಲ್ಲ. ಗೂಡನ್ನು ನೋಡಿದ ಮಿಸ್ಬಾಹ್, “ನಮ್ಮ ಮಲಗೋ ಕೋಣೆಗಿಂತ ಚೆನ್ನಾಗಿದೆ, ನಾನೂ ಅಲ್ಲೇ ಮಲಗ್ತೀನಿ” ಎಂದರು. ಅವರಿಗೆ ಅನುಮತಿ ನಿರಾಕರಿಸಲಾಯಿತು.

4. ನವಿಲುಗಳು ಗೂಡಿಗೆ ಕಾಲಿಡಲಿಲ್ಲ. ನವಿಲು ಕಣ್ಣಿಗೆ ಬಿದ್ದ ಅತಿ ಎತ್ತರದ ಜಾಗದಲ್ಲೇ ಮಲಗುತ್ತದೆ. ಎದುರು ತಾರಸಿಯಲ್ಲಿ ಇಸ್ತ್ರಿ ಅಂಗಡಿಯ ಫರ್ಗಲಿ (ಇನ್ನು ಮುಂದೆ ‘ಎದುರುದಾರರು’) ಕಟ್ಟಿರುವ ಮರದ ಪಾರಿವಾಳ ಗೋಪುರವಿದೆ. ಕಳೆದ ಗುರುವಾರ ಪಾಶಾ ಮತ್ತು ಹಾನಿಮ್ ಅದರ ನೆತ್ತಿಯ ಮೇಲೆ ರಾತ್ರಿ ಕಳೆದವು.

5. ಬೆಳಿಗ್ಗೆ ಎದುರುದಾರರು ಗೋಪುರದಿಂದಲೇ ಕೂಗಿದರು:
“ಉಮ್ ರಿದಾ! ನನ್ನ ಗೂಡಲ್ಲಿ ರಾತ್ರಿ ಕಳೆದ ಹಕ್ಕಿ ನಂದು! ಅಜ್ಜನ ಕಾಲದಿಂದ ಬಂದ ಕಾನೂನು!”
“ಅದು ಪಾರಿವಾಳದ ಕಾನೂನು ಕಣೋ ಇಸ್ತ್ರಿಯವ್ನೇ!”
“ಕಾನೂನಲ್ಲಿ ಹಕ್ಕಿ ಅಂತ ಇದೆ. ನಿಮ್ಮದೇನು, ಹಕ್ಕಿ ಅಲ್ವಾ? ಕತ್ತೆನಾ?”
“ಕತ್ತೆ ಆಗಿದ್ರೆ ನಿನ್ನ ಜೊತೆ ಇರ್ಲಿ ಅಂತ ನಾನೇ ಕಳಿಸ್ತಿದ್ದೆ!”
ಇಷ್ಟರಲ್ಲಿ ನವಿಲುಗಳು ಕಾಳು ತಿನ್ನಲು ಅರ್ಜಿದಾರರ ತಾರಸಿಗೆ ಮರಳಿದ್ದವು. ಅಂದೇ ತಮ್ಮ ಸನ್ನಿಧಿಗೆ ಬಂದಾಗ ಹೊರಬಿದ್ದದ್ದು ಉಲ್ಲೇಖ 1.

6. ಒಂದು ರಾತ್ರಿಗಿಂತ ಎರಡು ರಾತ್ರಿಯ ಹಕ್ಕು ಗಟ್ಟಿ ಎಂದು ಭಾವಿಸಿದ ಎದುರುದಾರರು ಅಂದು ಸಂಜೆ ಗೋಪುರದ ಮೇಲೆಲ್ಲ ಜೋಳ ಹರಡಿ ನವಿಲುಗಳನ್ನು ಬೇಗನೇ ಬರಮಾಡಿಕೊಂಡರು. ಅವರ ಪಾರಿವಾಳಗಳು ಇನ್ನೂ ಆಕಾಶದಲ್ಲಿದ್ದವು ಎಂಬುದು ಅವರಿಗೆ ಮರೆತುಹೋಯಿತು. ಅವುಗಳನ್ನು ಇಳಿಸಲು ಬಾವುಟ ಬೀಸಿದರು, ಸಿಳ್ಳೆ ಹೊಡೆದರು. ಪಾಶಾ ಗರಿ ಬಿಚ್ಚಿ ನಿಂತಿತು. ಒಂದು ಪಾರಿವಾಳಕ್ಕೂ ಇಳಿಯುವ ಧೈರ್ಯ ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಸುತ್ತಿ ಸುತ್ತಿ ದಣಿದ ಇಡೀ ಹಿಂಡು, ಬಾಗಿಲು ತೆರೆದಿದ್ದ ಅರ್ಜಿದಾರರ ಖಾಲಿ ಗೂಡಿಗೆ ಇಳಿಯಿತು. ಅರ್ಜಿದಾರರು ಬಾಗಿಲು ಹಾಕಿದ್ದು ಇರ್ಸಾದ ಭಯದಿಂದಲೇ ಹೊರತು ಆಸೆಯಿಂದಲ್ಲ. ಇದನ್ನು ದಾಖಲಿಸಲೇಬೇಕೆಂದು ಅವರು ಮೇಜು ಕುಟ್ಟಿ ಹೇಳಿದ್ದಾರೆ.

7. ಶನಿವಾರ ಬೆಳಿಗ್ಗೆ ಎದುರುದಾರರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಿಸಿ ಬಿಸಿ ಬೀನ್ಸ್ ವಡೆಯ ಪೊಟ್ಟಣವಿತ್ತು.
“ಅಕ್ಕಾ, ನೀವು ನನ್ನ ಒಡಹುಟ್ಟಿದ ಅಕ್ಕ ಇದ್ದ ಹಾಗೆ.”
“ನಿನ್ನೆ ಬೆಳಿಗ್ಗೆ ಅಕ್ಕ ಆಗಿರ್ಲಿಲ್ಲ. ರಾತ್ರಿ ಹುಟ್ಟಿದ್ನಾ?”
“ಹಕ್ಕಿಗಳು ದಾರಿ ತಪ್ಪಿ ಬಂದಿವೆ...”
“ನಿಮ್ಮಜ್ಜನ ಕಾನೂನಲ್ಲಿ ದಾರಿ ತಪ್ಪೋದು ಅಂತ ಇದ್ಯಾ?”
“ಹಾಗಾದ್ರೆ ಕಾನೂನು ಬಿಟ್ಟುಬಿಡೋಣ ಅಂತೀರಾ? ಆಮೇಲೆ ಹೋದ ವರ್ಷ ನಾನು ಹಿಡಿದ ಹಕ್ಕಿಗಳನ್ನೆಲ್ಲ ಬೀದಿಯವರು ವಾಪಸ್ ಕೇಳ್ತಾರಲ್ಲ ಅಕ್ಕಾ!”
ಮಿಸ್ಬಾಹ್ ಅವರು ಈ ವಾದವನ್ನು ಕೊನೆಯವರೆಗೂ ಶಾಂತರಾಗಿ ಕೇಳಿದರು. ಅಷ್ಟರಲ್ಲಿ ವಡೆ ಮುಗಿದಿತ್ತು.

8. ಆದ್ದರಿಂದ ಇಂದಿನ ಸ್ಥಿತಿ ಹೀಗಿದೆ: ನವಿಲಿನ ಮನೆಯೊಳಗೆ ಪಾರಿವಾಳಗಳು, ಪಾರಿವಾಳದ ಮನೆಯ ಮೇಲೆ ನವಿಲುಗಳು. ಪಾರಿವಾಳಗಳನ್ನು ಬಿಟ್ಟರೆ, ಅದು ಪಾರಿವಾಳದ ಕಾನೂನು ಎಂಬ ತಮ್ಮ ವಾದವನ್ನೇ ಅರ್ಜಿದಾರರು ಬಿಟ್ಟಂತೆ. ಇಟ್ಟುಕೊಂಡರೆ ಅದೇ ಕಾನೂನಿನಂತೆ ಪಾಶಾ ಎದುರುದಾರರದು ಎಂದು ಒಪ್ಪಿದಂತೆ. ಈ ಮಧ್ಯೆ ಹಾನಿಮ್ ಮತ್ತೆ ಮೊಟ್ಟೆಗೆ ಕೂರುವ ಲಕ್ಷಣ ತೋರುತ್ತಿದೆ. ಮರದ ಗೋಪುರದ ನೆತ್ತಿಗೆ ಇರ್ಸಾ ಸಲೀಸಾಗಿ ಏರುತ್ತದೆ. ಅರ್ಜಿದಾರರ ಸಿಟ್ಟಿಗೆ ನಿಜವಾದ ಕಾರಣ ಇದೊಂದೇ.

9. ಪಾಶಾ ತನ್ನ ಗೂಡಿನಲ್ಲೇ ಮಲಗಬೇಕಾದರೆ ಅದು ಸುತ್ತಲಿನ ಎಲ್ಲಕ್ಕಿಂತ ಎತ್ತರವಿರಬೇಕು. ಆದರೆ ಹಿರಿಯರ ಅಪ್ಪಣೆಯಿಲ್ಲದೆ ನೆರೆಯವರ ಗೋಪುರವನ್ನು ಮೀರಿಸಿ ಕಟ್ಟುವಂತಿಲ್ಲ ಎಂಬುದು ನಮ್ಮ ಬೀದಿಯ ರೂಢಿ. ಆದ್ದರಿಂದ,

(ಅ) ಗೂಡನ್ನು ಕಂಬಗಳ ಮೇಲೆ ಎದುರುದಾರರ ಗೋಪುರಕ್ಕಿಂತ ಒಂದಾಳು ಎತ್ತರಿಸಲು ಅಪ್ಪಣೆ ಕೊಡಬೇಕು. ಕಂಬಗಳಿಗೆ ತಗಡು ಸುತ್ತಲಾಗುವುದು, ಇರ್ಸಾದ ಉಗುರು ಜಾರುತ್ತದೆ.
(ಆ) ಗುರುವಾರದಿಂದ ನಿನ್ನೆಯವರೆಗಿನ ರಾತ್ರಿಗಳು ನಡೆಯಲೇ ಇಲ್ಲವೆಂದು ಘೋಷಿಸಬೇಕು. ಆಗ ಕಾನೂನು ಉಳಿಯುತ್ತದೆ, ಹಕ್ಕಿಗಳೂ ಮನೆ ಸೇರುತ್ತವೆ. ಈ ಉಪಾಯ ಎದುರುದಾರರದು. ಅವರಿಗೆ ಅಷ್ಟು ಬುದ್ಧಿ ಇದೆಯೆಂದು ಅರ್ಜಿದಾರರು ಮೊದಲ ಬಾರಿಗೆ ಒಪ್ಪಿದ್ದಾರೆ.

ತಮ್ಮ ನ್ಯಾಯದಲ್ಲಿ ವಿಶ್ವಾಸವಿಟ್ಟು, ತಮ್ಮ “ನೋಡೋಣ”ದಲ್ಲಿ ವಿಶ್ವಾಸ ಕಳೆದುಕೊಂಡಿರುವ,
(ಸಹಿ) ಇನ್ಶಿರಾಹ್

ಅಡಕಗಳು:
1. ಪಾಶಾ ಉದುರಿಸಿದ ಒಂದು ಗರಿ, ಹಕ್ಕಿ ಯಾರದೆಂಬುದಕ್ಕೆ ಪುರಾವೆಯಾಗಿ. ಹಿಂತಿರುಗಿಸತಕ್ಕದ್ದು.
2. ಎದುರುದಾರರ ಒಪ್ಪಿಗೆ ಪತ್ರ, ಇಸ್ತ್ರಿ ಮಾಡಿದ್ದು.

ವಿಶೇಷ ಸೂಚನೆ: ನಿನ್ನೆ ಸಂಜೆ ಪಾಶಾ ಎದುರುದಾರರ ಗೋಪುರದ ಮೇಲೆ ನಿಂತು ಬೀದಿಯ ಆ ತುದಿಯನ್ನೇ ಬಹಳ ಹೊತ್ತು ನೋಡಿತು. ಅಲ್ಲಿ ಅದಕ್ಕಿಂತಲೂ ಎತ್ತರದ ಗೋಪುರವೊಂದಿದೆ. ಅದು ತಮ್ಮದು. ಆದಕಾರಣ ಇಂದು ಸೂರ್ಯ ಮುಳುಗುವ ಮೊದಲು ಅಪ್ಪಣೆ ಕೊಡಬೇಕು. ತಡವಾಗುವುದಾದರೆ, ತಮ್ಮ ಪಾರಿವಾಳಗಳು ಸಾಮಾನ್ಯವಾಗಿ ಯಾವ ಕಾಳು ತಿನ್ನುತ್ತವೆ ಎಂಬುದನ್ನಾದರೂ ಮುಂಚಿತವಾಗಿ ತಿಳಿಸಬೇಕೆಂದು ಕೋರಿಕೆ.