ಪಂಚಾಕ್ಷರಿ ಬಿಗಿದ ಹತ್ತರ ಕಟ್ಟು

ಪಂಚಾಕ್ಷರಿ ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಕಂಡವರಿಲ್ಲ. ಚಿಕ್ಕಪೇಟೆಯ ಜವಳಿ ಮಂಡಿಯಲ್ಲಿ ಅವನು ಪಾರ್ಸೆಲ್ ಗುಮಾಸ್ತ. ಅವನು ಬಿಗಿದ ಮೂಟೆ ಲಾರಿಯಲ್ಲಿ ಬೀದರಿನ ತನಕ ಕುಲುಕಾಡಿಕೊಂಡು ಹೋದರೂ ಹುರಿ ಒಂದೆಳೆಯೂ ಸಡಿಲವಾಗುತ್ತಿರಲಿಲ್ಲ. ಇಂಥ ಮಹಾವಿದ್ಯೆಗೆ ರಾಜಾಜಿನಗರದ ಅವನ ಮನೆಯಲ್ಲಿ ಮಾತ್ರ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ. (ಅಲ್ಲಿ ಅವನ ಪಾಲಿಗೆ ಬಂದಿದ್ದದ್ದು ಸೊಳ್ಳೆಪರದೆ ಕಟ್ಟುವ ಕೆಲಸ.)

ಹೆಂಡತಿ ಜಯದೇವಿ ಗೋವಿಂದರಾಜನಗರದ ಶಾಲೆಯೊಂದರಲ್ಲಿ ಎರಡನೇ ಕ್ಲಾಸಿನ ಮಿಸ್. ಮಾರನೆಯ ದಿನ ಅವಳ ಕ್ಲಾಸಿನ ಮಕ್ಕಳ ಕಳೆಯುವ ಲೆಕ್ಕ ನೋಡಲು ಇನ್‌ಸ್ಪೆಕ್ಟರು ಬರುವವರಿದ್ದರು. ಆ ದಿನ ಸಂಜೆಗೆ ವಾಪಸ್ಸು ಕೊಡುವುದಾಗಿ ಮಾತು ಕೊಟ್ಟು ಅತ್ತೆ ಶಿವಗಂಗಮ್ಮನವರ ತೆಂಗಿನ ಪೊರಕೆ ಬಿಚ್ಚಿ, ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟಿದ್ದಳು. ನಲವತ್ತೆರಡೆಂದರೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಅದರಲ್ಲಿ ಹದಿನೇಳು ಕಳೆಯಬೇಕಾದರೆ ಬಿಡಿಯಲ್ಲಿ ಏಳು ಎಲ್ಲಿದೆ? ಒಂದು ಕಟ್ಟು ಬಿಚ್ಚಿ ಸೇರಿಸಿಕೊಳ್ಳಬೇಕು. ಅವಳು ಇದನ್ನೆಲ್ಲ ವಿವರಿಸುವಾಗ ಪಂಚಾಕ್ಷರಿಯ ಕಣ್ಣು ಗಂಟುಗಳ ಮೇಲಿತ್ತು, ಕಿವಿ ಎಲ್ಲಿಯೂ ಇರಲಿಲ್ಲ.

ಥೂ, ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು! ಪಾರ್ಸೆಲ್ ಪಂಚಾಕ್ಷರಿಯ ಹೆಂಡತಿ ಇನ್‌ಸ್ಪೆಕ್ಟರ ಮುಂದೆ ಇದನ್ನು ಇಡುವುದೇ? ಜಯದೇವಿ ರೊಟ್ಟಿ ತಟ್ಟಿ ಮುಗಿಸುವುದರೊಳಗೆ ಅವನು ಎಲ್ಲ ಕಟ್ಟುಗಳನ್ನೂ ಮೇಣ ಹಚ್ಚಿದ ಹುರಿಯಿಂದ ಮತ್ತೆ ಬಿಗಿದು ಚೀಲಕ್ಕೆ ಹಾಕಿದ.

ಮರುದಿನ ಶಾಲೆಯಿಂದ ಬಂದವಳನ್ನು ಅವನು ಬಾಗಿಲಲ್ಲೇ ತಡೆದು, ಕಟ್ಟು ಹೇಗಿತ್ತೆಂದು ವಿಚಾರಿಸಿದ. ಜಯದೇವಿ ಒಂದೊಂದಾಗಿ ಹೇಳಿದಳು. ಪುಟ್ಟಲಕ್ಷ್ಮಿ ಎಂಬ ಹುಡುಗಿ ಅದೇ ಲೆಕ್ಕ ಮಾಡಲು ಮುಂದೆ ಬಂದು ಗಂಟನ್ನು ಉಗುರಿನಿಂದ ಕೆದಕಿದಳಂತೆ, ಹಲ್ಲಿನಿಂದ ಕಚ್ಚಿದಳಂತೆ. ಇನ್‌ಸ್ಪೆಕ್ಟರು ತಾವೇ ಎಳೆಯಲು ಹೋಗಿ ಕನ್ನಡಕ ಬೀಳಿಸಿಕೊಂಡರಂತೆ. ಅಷ್ಟರಲ್ಲಿ ಹುಡುಗಿ ಆ ಕಟ್ಟನ್ನು ಪಕ್ಕಕ್ಕಿಟ್ಟು, ಬಾಗಿಲ ಹಿಂದಿದ್ದ ಕ್ಲಾಸಿನ ಪೊರಕೆಯಿಂದ ಹತ್ತು ಕಡ್ಡಿ ಎಳೆದುಕೊಂಡಳು.

"ಬಿಚ್ಚದಿದ್ರೆ ಬೇಡ ಬಿಡಿ ಸಾರ್. ಇದನ್ನ ಕೊಟ್ಟು ಹತ್ತು ಬಿಡಿ ತಗೊಂಡೆ. ಎರಡೂ ಒಂದೇ ಅಲ್ವಾ?" ಎಂದು ಏಳು ಕಳೆದು, ಇನ್ನೊಂದು ಕಟ್ಟನ್ನೂ ಸರಿಸಿ, ಇಪ್ಪತ್ತೈದು ಎಂದಳು.

"ಈ ಮಗು ಬರೀ ಕಡ್ಡಿ ಎಣಿಸ್ತಿಲ್ಲ ಮಿಸ್, ಲೆಕ್ಕ ಮಾಡ್ತಿದೆ," ಎಂದರಂತೆ ಇನ್‌ಸ್ಪೆಕ್ಟರು. ಹೇಳುವಾಗ ಜಯದೇವಿಯ ಕಣ್ಣು ತುಂಬಿತು. ಪಂಚಾಕ್ಷರಿಗೂ ಹೆಮ್ಮೆಯಿಂದ ಎದೆ ಉಬ್ಬಿತು. ಅರ್ಧ ಹೆಂಡತಿಗಾಗಿ, ಅರ್ಧ ಗಂಟಿಗಾಗಿ.

"ಎಲ್ಲಾ ನಿಮ್ಮಿಂದಲೇ ರೀ," ಎಂದು ಜಯದೇವಿ ಚೀಲವನ್ನು ಅವನ ಮುಂದೆ ಸುರಿದಳು. "ದೀಪ ಹಚ್ಚೋ ಮುಂಚೆ ಅತ್ತೆಗೆ ಅಂಗಳ ಗುಡಿಸೋಕೆ ಪೊರಕೆ ಬೇಕು. ಬಿಚ್ಚಿಕೊಡಿ. ಕತ್ತರಿ ತರ್ಲಾ?"

ಕತ್ತರಿ! ತನ್ನ ಗಂಟಿಗೆ, ತನ್ನ ಮನೆಯಲ್ಲಿ! ಕಟ್ಟಿದವನಿಗೆ ಬಿಚ್ಚಲೂ ಬರುತ್ತದೆಂದು ಅವನು ಚಕ್ಕಳಮಕ್ಕಳ ಹಾಕಿ ಕೂತ. ಉಗುರು ಮುರಿಯಿತು. ಹಲ್ಲು ಜುಮ್ಮೆಂದಿತು. ಹೊಸ್ತಿಲಲ್ಲಿ ಶಿವಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದರು. ಹೊತ್ತು ಮುಳುಗುತ್ತಾ ಬಂದಾಗ ಅವನು ಹಿತ್ತಿಲ ಬಾಗಿಲಿನಿಂದ ಜಾರಿಕೊಂಡು ಅಂಗಡಿಗೆ ಹೋಗಿ, ಹೊಸ ಪೊರಕೆ ತಂದು ತಾಯಿಯ ಮುಂದಿಟ್ಟ. ಹಳೆಯ ಕಟ್ಟುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅತ್ತೆ," ಎಂದಳು ಜಯದೇವಿ, "ನಿಮ್ಮ ಮಗನಿಗೆ ಎರಡನೇ ಕ್ಲಾಸಿನ ಲೆಕ್ಕ ಬಂತು."

"ಬರದೇ ಏನು, ನನ್ನ ಮಗ!" ಎಂದು ಶಿವಗಂಗಮ್ಮ ಹೆಮ್ಮೆಯಿಂದ ಹೇಳಿ, ಹೊಸ ಪೊರಕೆಯನ್ನು ಅವನ ಕೈಗೇ ಕೊಟ್ಟು ಅಂಗಳ ತೋರಿಸಿದರು.